ಅಪ್ಪನ ಮುಖಕ್ಕೆ ಅರೆದ ಬೇಳೆ

ಅವ್ವ ತೀರಿಕೊಂಡು ವರ್ಷ ತುಂಬುವ ಮೊದಲೇ ಗಜೇಂದ್ರಗಡದ ಅತ್ತೆ ನಮ್ಮ ಮನೆಗೆ ಬಂದು, ತನ್ನ ತಮ್ಮನಿಗೆ ಅಂದರೆ ನಮ್ಮಪ್ಪನಿಗೆ ಮತ್ತೊಂದು ಮದುವೆ ಗೊತ್ತು ಮಾಡಿಬಿಟ್ಟಳು. ಐವತ್ತರ ದಶಕದ ಮಾತು, ನನಗಾಗ ಹನ್ನೆರಡು. ಅಪ್ಪ ನರಗುಂದದ ಪೇಟೆಯಲ್ಲಿ ಕಾಳು ತೂಗಿಸುತ್ತ ವರ್ಷವಿಡೀ ಬಿಸಿಲಲ್ಲಿ ನಿಲ್ಲುತ್ತಿದ್ದ. ಹಣೆಯ ಮೇಲೆ ಮೂರು ಅಡ್ಡಗೆರೆ, ಕಣ್ಣಂಚಿಗೆ ಲೆಕ್ಕವಿಲ್ಲದಷ್ಟು. ವಯಸ್ಸು ನಲವತ್ತೈದು. ಮೆಣಸಗಿಯ ಕನ್ಯೆಯ ಕಡೆಯವರಿಗೆ ಅತ್ತೆ ಹೇಳಿದ್ದು ಮೂವತ್ತೆರಡು.

ಹದಿಮೂರು ವರ್ಷವನ್ನು ಎಲ್ಲಿ ಬಚ್ಚಿಡುವುದು? ಅದಕ್ಕೂ ಅತ್ತೆಯ ಬಳಿ ಮದ್ದಿತ್ತು. ನೆನೆಸಿದ ಚನ್ನಂಗಿ ಬೇಳೆಯನ್ನು ಹಾಲಿನ ಕೆನೆಯ ಜೊತೆ ಅರೆದು ಮುಖಕ್ಕೆ ಬಳಿದು, ಒಣಗುವವರೆಗೆ ಮಾತಾಡದೆ, ನಗದೆ ಕೂಡಬೇಕು. ಅರೆಯುವವಳು ನಾನು.

"ಬೆಣ್ಣಿ ಆದಂಗ ಆಗಬೇಕು ನೋಡ. ತರಿ ಇದ್ರ ಗೆರಿ ಹೋಗೂದಿಲ್ಲ," ಅನ್ನುತ್ತಿದ್ದಳು ಅತ್ತೆ.

ನನಗೆ ಸಿಟ್ಟು ನೆತ್ತಿಗೇರಿತ್ತು. ಅವ್ವನ ಜಾಗಕ್ಕೆ ಬರುವವಳಿಗಾಗಿ ಅವ್ವನ ಒರಳಲ್ಲೇ ಅರೆಯಬೇಕಿತ್ತು. ಒಂದು ದಿನ ಬೇಕೆಂದೇ ತರಿತರಿ ಉಳಿಸಿದೆ. ಅತ್ತೆ ಬೆರಳಿಂದ ಮುಟ್ಟಿ ನೋಡಿ, ಬಟ್ಟಲನ್ನು ಮತ್ತೆ ನನ್ನ ಮುಂದೆ ಸರಿಸಿದಳು. ಮತ್ತೆ ಅರೆದೆ. ಬೇರೇನು ಮಾಡಲಿ? ಅಪ್ಪ ಹಿತ್ತಲಲ್ಲಿ ಮುಖ ಒಣಗಿಸುತ್ತ ಕೂತಿರುತ್ತಿದ್ದ. ಈ ಮದುವೆ ಬೇಕೋ ಬೇಡವೋ ಎಂದು ಅವನನ್ನು ಯಾರೂ ಕೇಳಿದ್ದು ನಾನು ಕಾಣೆ. ಕೇಳಿದ್ದರೂ ಅವನು ಬಾಯಿ ತೆರೆಯುವ ಹಾಗಿರಲಿಲ್ಲ.

ತೊಳೆದ ಮೇಲೆ ಒಂದೆರಡು ತಾಸು ಚರ್ಮ ಬಿಗಿದು ಗೆರೆಗಳು ಮಾಸುತ್ತಿದ್ದವು. ಅಷ್ಟು ಸಾಕಾಯಿತು. ವರನನ್ನು ನೋಡಲು ಗಂಡಸರಷ್ಟೇ ಬರುವುದು ಪದ್ಧತಿ, ಅವರನ್ನು ಅತ್ತೆ ದೀಪ ಹಚ್ಚುವ ಹೊತ್ತಿಗೆ ಕರೆಸಿದಳು. ಮದುವೆಯ ದಿನ ಹಣೆಯನ್ನು ಬಾಸಿಂಗ ಮುಚ್ಚಿತು. ಸೆರಗು ಹೊದ್ದು ತಲೆ ತಗ್ಗಿಸಿ ಕೂತ ಹುಡುಗಿ ಕಣ್ಣೆತ್ತಿ ನೋಡುವ ಮಾತೇ ಇರಲಿಲ್ಲ.

ಹೀಗೆ ಚಿಗವ್ವ ಮನೆಗೆ ಬಂದಳು. ಅವಳಿಗೆ ಹತ್ತೊಂಬತ್ತು. ಅವಳ ಜೊತೆ ಮಾತಾಡಬಾರದೆಂದು ನಾನು ಹಟ ಹಿಡಿದಿದ್ದೆ. ನಾಲ್ಕನೆಯ ದಿನ ಒಲೆಯ ಮುಂದೆ ಅವಳೇ ಕೇಳಿದಳು.

"ನಿಮ್ಮಪ್ಪಗ ಖರೇ ಎಷ್ಟ ವರ್ಷ ಆಗ್ಯಾವ?"

ಹೇಳಬೇಕಾದ ಸುಳ್ಳನ್ನು ಅತ್ತೆ ಬಾಯಿಪಾಠ ಮಾಡಿಸಿದ್ದಳು. ಆದರೆ ನಾಲಿಗೆ ಹೊರಳಲಿಲ್ಲ. ನಲವತ್ತೈದು ಅಂದೆ. ಬೇಳೆಯ ಸಂಗತಿಯನ್ನೂ ಹೇಳಿಬಿಟ್ಟೆ.

ಅವಳು ಅಳುತ್ತಾಳೆ ಅಂದುಕೊಂಡೆ. ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿ, "ನಮ್ಮಪ್ಪಗ ನಲವತ್ಮೂರು," ಅಂದಳು. ರೊಟ್ಟಿ ಸೀದು ಹೊಗೆ ಬಂತು, ಇಬ್ಬರೂ ತೆಗೆಯಲಿಲ್ಲ. ಅವಳ ಮೇಲೆ ಇಟ್ಟುಕೊಂಡಿದ್ದ ಸಿಟ್ಟೆಲ್ಲ ನನ್ನ ಮೇಲೆಯೇ ತಿರುಗಿತು. ಅಷ್ಟು ನುಣ್ಣಗೆ ಅರೆದವಳು ನಾನೇ ಅಲ್ಲವೇ?

ಮುಂದಿನ ವಾರ ಅವಳ ತವರಿನಿಂದ ಕರೆ ಬಂತು, ಮಗಳು ಅಳಿಯ ಇಬ್ಬರೂ ಬರಬೇಕೆಂದು. ಮದುವೆ ಮುಗಿಯಿತೆಂದು ಅಪ್ಪ ಬೇಳೆ ಬಳಿಸಿಕೊಳ್ಳುವುದನ್ನು ಬಿಟ್ಟಿದ್ದ, ಗೆರೆಗಳು ಮರಳಿ ಬಂದಿದ್ದವು. ಹೊರಡುವ ದಿನ ಮುಂಜಾನೆ ಅಡುಗೆಮನೆಗೆ ಹೋದರೆ ಚಿಗವ್ವ ಒರಳಿನ ಮುಂದೆ ಕೂತಿದ್ದಳು. ಪಕ್ಕದಲ್ಲಿ ನೆನೆದ ಬೇಳೆಯಿತ್ತು.

"ನಮ್ಮವ್ವ ಬಾಜೂಕ ಕುಂತು ನೋಡ್ತಾಳ. ಆಕಿಗೆ ತಿಳೀಬಾರದು," ಅಂದಳು. "ಡಬ್ಬ್ಯಾಗ ಒಯ್ದು ಊರ ಹತ್ರ ಹಚ್ಚತೇನಿ. ಎಷ್ಟ ಸಣ್ಣಗ ಅರೀಬೇಕು, ತೋರಸವ್ವ."

ನಾನು ಅವಳೆದುರು ಕೂತು ಒರಳಗುಂಡಿಗೆ ಕೈ ಹಚ್ಚಿದೆ. ಬೇಳೆ ಬೆಣ್ಣೆಯಾಗುವವರೆಗೆ ಇಬ್ಬರೂ ಅರೆದೆವು.