ಜಾಮೀನು ಅಂಕಲ್ ಮತ್ತು ನಮ್ಮ ಮನೆಯ ಖರ್ಚಿನ ಪುಸ್ತಕ

ಜಾಮೀನು ಅಂಕಲ್ ಕಿರುಬೆರಳಿನ ಉಗುರು ಅರ್ಧ ಇಂಚು ಬೆಳೆದು ಹಳದಿಗಟ್ಟಿತ್ತು. ಆ ಉಗುರನ್ನು ನಮ್ಮ ಮನೆಯ ಖರ್ಚಿನ ಪುಸ್ತಕದ ಮೇಲೆ ಮೇಲಿಂದ ಕೆಳಕ್ಕೆ ಎಳೆಯುತ್ತಿದ್ದರು. ಅಕ್ಕಿ, ಹಾಲು, ಕರೆಂಟು, ಗ್ಯಾಸು. ಉಗುರು ನಿಂತ ಕಡೆ ಅಮ್ಮನ ಉಸಿರೂ ನಿಲ್ಲುತ್ತಿತ್ತು. ಅದು ಬಲಗೈ ಎಂದು ನನ್ನ ನೆನಪು, ತಂಗಿ ಎಡಗೈ ಅನ್ನುತ್ತಾಳೆ. ಅಸಹ್ಯವಾಗಿತ್ತು ಎಂಬುದರಲ್ಲಿ ಇಬ್ಬರಿಗೂ ತಕರಾರಿಲ್ಲ.

ಅವರು ನೆಂಟರಲ್ಲ, ಅಪ್ಪನ ಜೊತೆ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದವರು. ಅಪ್ಪ ಗೊಟ್ಟಿಗೆರೆಯಾಚೆ ಸೈಟು ಕೊಳ್ಳಲು ಕಾರ್ಖಾನೆಯ ಸೊಸೈಟಿಯಲ್ಲಿ ಸಾಲ ತೆಗೆದಾಗ ಜಾಮೀನಿಗೆ ಸಹಿ ಹಾಕಿದ್ದರು. ಆ ಸೈಟನ್ನು ಮಾರಿದವನು ಇನ್ನಿಬ್ಬರಿಗೂ ಮಾರಿದ್ದ. ವರ್ಷ ತುಂಬುವುದರೊಳಗೆ ಅಪ್ಪ ಕೆಲಸ ಮಾಡುತ್ತಿದ್ದ ವಿಭಾಗವೇ ಮುಚ್ಚಿತು, ಅವರ ವಿಭಾಗ ಉಳಿಯಿತು. ಅಪ್ಪ ಜಯನಗರದ ಅಪಾರ್ಟ್‌ಮೆಂಟೊಂದರಲ್ಲಿ ಸೆಕ್ಯುರಿಟಿ ಸೂಪರ್‌ವೈಸರ್ ಆದರು. ಸಂಬಳ ಅರ್ಧವಾಯಿತು, ಕಂತು ಮಾತ್ರ ಅಷ್ಟೇ ಉಳಿಯಿತು. ಒಂದು ಕಂತು ತಪ್ಪಿದರೂ ಜಾಮೀನುದಾರರ ಸಂಬಳದಲ್ಲಿ ಮುರಿದುಕೊಳ್ಳುತ್ತಾರೆ. ಆದ್ದರಿಂದ ಪ್ರತಿ ತಿಂಗಳ ಮೊದಲ ಭಾನುವಾರ ಅವರು ಪದ್ಮನಾಭನಗರದ ನಮ್ಮ ಬಾಡಿಗೆ ಮನೆಗೆ ಹಾಜರಾಗುತ್ತಿದ್ದರು.

ನಮ್ಮ ಮೇಲೆ ಅಕ್ಕರೆ ಇದೆಯೆಂದು ಅವರು ನಟಿಸಲೂ ಇಲ್ಲ. ಮೊದಲ ದಿನವೇ ಅಮ್ಮನಿಗೆ ಹೇಳಿದ್ದರಂತೆ, ನಿಮ್ಮ ಮನೆ ಉದ್ಧಾರ ಮಾಡೋಕೆ ಬಂದಿಲ್ಲ, ನನ್ನ ಸಂಬಳ ಕಾಯೋಕೆ ಬಂದಿದೀನಿ ಎಂದು. ಕಾಫಿ ಕೊಟ್ಟರೆ ಲೋಟವನ್ನು ಹಿಂದಕ್ಕೆ ತಳ್ಳುತ್ತಿದ್ದರು.

"ಬೇಡಮ್ಮ, ಅದೂ ನನ್ನ ಕಂತಿನ ದುಡ್ಡೇ."

ಅದನ್ನು ತಮಾಷೆ ಎಂದುಕೊಂಡು ತಾವೊಬ್ಬರೇ ನಗುತ್ತಿದ್ದರು. ಸಿಲಿಂಡರು ಎಷ್ಟು ದಿನ ಬಂತು ಎಂದು ಕೇಳುವರು. ಯುಪಿಐ ಎಂದರೆ ಅವರಿಗೆ ಆಗದು. ಫೋನಿನಲ್ಲಿ ಹೋದ ದುಡ್ಡು ಹೋದ ಹಾಗೇ ಅನಿಸುವುದಿಲ್ಲ ಎಂದು ಕಂತಿನಷ್ಟು ನೋಟುಗಳನ್ನು ಒಂದನೇ ತಾರೀಖೇ ತೆಗೆಸಿ ಲಕೋಟೆಗೆ ಹಾಕಿಸುತ್ತಿದ್ದರು.

ನಾನಾಗ ಎಂ.ಎ. ಓದುತ್ತಿದ್ದೆ. ಬಡವರ ಮನೆಯೊಳಗೆ ಇಣುಕುವ ಅಧಿಕಾರದ ಬಗ್ಗೆ ಸೆಮಿನಾರಿನಲ್ಲಿ ದೊಡ್ಡ ದೊಡ್ಡ ಮಾತಾಡುತ್ತಿದ್ದೆ. ಮನೆಯಲ್ಲಿ ಅವರು ಚಪ್ಪಲಿ ಬಿಡುವ ಸದ್ದು ಕೇಳಿದೊಡನೆ ಒಳಕೋಣೆ ಸೇರುತ್ತಿದ್ದೆ.

ಒಂದು ಭಾನುವಾರ ಅವರ ಉಗುರು 'ಇತರೆ' ಎಂಬ ಸಾಲಿನ ಮೇಲೆ ನಿಂತಿತು. ಎದುರಿಗೆ ಮುನ್ನೂರ ನಲವತ್ತು ಎಂದಿತ್ತು. ಇತರೆ ಅಂದರೇನು ಎಂದು ಕೇಳಿದರು. ಅಮ್ಮ ಸೆರಗು ಸರಿಮಾಡಿಕೊಂಡರು. ಅವರು ಮತ್ತೆ ಕೇಳಿದರು. ಹತ್ತನೇ ಕ್ಲಾಸಿನ ತಂಗಿ ಪುಸ್ತಕ ಮುಚ್ಚಿಟ್ಟು ಎದ್ದಳು.

"ಪ್ಯಾಡು ಅಂಕಲ್. ನಂದು, ಅಮ್ಮಂದು. ಸೈಜೂ ಬೇಕಾ?"

ನಾಚಿಕೆಯಿರುವ ಗಂಡಸಾಗಿದ್ದರೆ ಎದ್ದು ಹೋಗುತ್ತಿದ್ದ. ಇವರು ಪೆನ್ನಿನ ಕ್ಯಾಪು ತೆಗೆದರು.

"ಪ್ರತಿ ತಿಂಗಳು ಬರೋ ಖರ್ಚು ಇತರೆ ಹೆಂಗಾಗುತ್ತಮ್ಮ? ಹಾಲಿನ ಕೆಳಗೆ ಬರ್ಕೋ. ಮೊದಲೇ ತೆಗೆದಿಡು."

ಆಮೇಲೆ ನಾನು ಹೊರಗೆ ಬಂದು, ಇದನ್ನೆಲ್ಲ ಕೇಳೋಕೆ ನಿಮಗೇನು ಅಧಿಕಾರ ಎಂದು ಗದರಿದೆ. ಅವರು "ಸಹಿ ಹಾಕಿದೀನಲ್ಲಪ್ಪ" ಎಂದರು. ವರ್ಷಗಟ್ಟಲೆ ಇದನ್ನು ಗೆಳೆಯರಿಗೆ ಹೇಳಿಕೊಂಡು ಬಂದಿದ್ದೇನೆ. ಹಾಗೆ ಕೇಳಿದ್ದು ತಾನು, ನಾನು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮಲಗಿದ್ದೆ ಎನ್ನುತ್ತಾಳೆ ತಂಗಿ. ಅವಳ ಮಾತೇ ನಿಜವಿರಬೇಕು. ಅವರ ಮುಖ ನೋಡಿ ಮಾತಾಡಿದ ಬೇರೊಂದು ದಿನವೂ ನನಗೆ ನೆನಪಿಗೆ ಬರುವುದಿಲ್ಲ.

ಅಪ್ಪನ ಸರದಿ ಬಂದದ್ದು ಮರುವರ್ಷ. ಎರಡು ತಿಂಗಳಿಂದ ಪೆಟ್ರೋಲಿನ ಖರ್ಚು ಏರಿತ್ತು. ಅವರು ಕೆಳಗಿಳಿದು ಸ್ಕೂಟರಿನ ಮೀಟರು ನೋಡಿ ಬಂದು, ಹಿಂದಿನ ಪುಟದಲ್ಲಿ ತಾವೇ ಗುರುತು ಹಾಕಿದ್ದ ಅಂಕಿಯಿಂದ ಕಳೆದರು. ಗಾಡಿ ಅಷ್ಟು ಓಡಿಯೇ ಇರಲಿಲ್ಲ. ಸೈಟು ಬಿಡಿಸಿಕೊಡುತ್ತೇನೆಂದಿದ್ದ ಬ್ರೋಕರನಿಗೆ ಅಪ್ಪ ಗುಟ್ಟಾಗಿ ದುಡ್ಡು ಕೊಡುತ್ತಿದ್ದರು.

"ಸೈಟು ಹೋಯ್ತು ಗುರು," ಎಂದರು ಅಂಕಲ್. "ಹೋಗಿರೋ ಸೈಟಿಗೆ ತಿಂಗಳ ತಿಂಗಳ ಬಾಡಿಗೆ ಕಟ್ತಿದೀಯಲ್ಲ."

ಹೆಂಡತಿ ಮಕ್ಕಳ ಎದುರು ಅಪ್ಪ ತಲೆ ತಗ್ಗಿಸಿ ಕೂತರು. ಅದಕ್ಕಾಗಿ ಆ ಮನುಷ್ಯನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಬ್ರೋಕರನಿಗೆ ದುಡ್ಡು ಹೋಗುವುದು ಆ ದಿನವೇ ನಿಂತಿತು. ಅದು ನಿಲ್ಲದಿದ್ದರೆ ಕಂತು ತಪ್ಪುತ್ತಿತ್ತು ಎಂಬುದೂ ನಿಜ. ಎರಡನ್ನೂ ಒಟ್ಟಿಗೆ ಒಪ್ಪಿಕೊಳ್ಳಲು ನನಗೆ ಕಷ್ಟ.

ಮೂರು ವರ್ಷ ನಾಲ್ಕು ತಿಂಗಳಿಗೆ ಸಾಲ ತೀರಿತು. ಸೊಸೈಟಿಯ ಪತ್ರವನ್ನು ಅವರೇ ತಂದರು. ಶಹಬ್ಬಾಸ್ ಎನ್ನಲಿಲ್ಲ, ಕೈ ಕುಲುಕಲಿಲ್ಲ. ಕಂತಿನ ಸಾಲಿನಲ್ಲಿ ಸೊನ್ನೆ ಬರೆಯಲು ಅಮ್ಮನಿಗೆ ಹೇಳಿ, ಅದರ ಮೇಲೂ ಒಂದು ಸಲ ಉಗುರೆಳೆದು, ಗೋಡೆಗೆ ಒರಗಿದರು.

"ಈಗ ಕೊಡಮ್ಮ ಕಾಫಿ."

ಸೊರ್ ಸೊರ್ ಎಂದು ಕುಡಿದು ಹೋದವರು ಮತ್ತೆ ಬರಲೇ ಇಲ್ಲ. ಹೋದ ವರ್ಷ ತೀರಿಕೊಂಡರು. ಅಪ್ಪ ಅಮ್ಮ ಹೋಗಿಬಂದರು. ನಾನು ಕಾಲೇಜಿನಲ್ಲಿ ಪಾಠವಿದೆ ಎಂದೆ. ಇತ್ತೋ ಇಲ್ಲವೋ ಈಗ ನೆನಪಿಲ್ಲ.

ಪುಸ್ತಕ ಸುದ್ದಗುಂಟೆಪಾಳ್ಯದ ನನ್ನ ಮನೆಯಲ್ಲಿದೆ. ಪುಟವನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಉಗುರಿನ ಗೀರುಗಳು ಕಾಣುತ್ತವೆ. ಕಳೆದ ತಿಂಗಳು ಅದನ್ನು ಹೊರತೆಗೆದೆ. ಹದಿನೈದು ವರ್ಷಗಳಿಂದ ಗೆಳೆಯನಾಗಿರುವವನೊಬ್ಬ ಸಾಲದ ಅರ್ಜಿ ಹಿಡಿದು ಬಂದಿದ್ದ. "ಮಗಾ, ಒಂದ್ ಸಹಿ ಅಷ್ಟೇ. ಬೇರೆ ಯಾರನ್ನ ಕೇಳ್ಲಿ?" ಎಂದ. ಯೋಚನೆ ಮಾಡಿ ಹೇಳ್ತೀನಿ ಎಂದು ಕಳಿಸಿದೆ.

ಅಪ್ಪ ಜಾಮೀನು ಕೇಳಿದಾಗ ಆ ಅಂಕಲ್ ಯೋಚನೆಯನ್ನೇನೂ ಮಾಡಲಿಲ್ಲವಂತೆ. ಕ್ಯಾಂಟೀನಿನಲ್ಲಿ ಊಟದ ತಟ್ಟೆ ಪಕ್ಕಕ್ಕೆ ಸರಿಸಿ, ಎಲ್ಲಿ ಹಾಕ್ಬೇಕು ಎಂದು ಕೇಳಿ ಸಹಿ ಹಾಕಿದರಂತೆ. ಇದು ಅಪ್ಪ ಹೇಳಿದ್ದು, ಹಾಗಾಗಿ ನನ್ನ ನೆನಪಿನ ಮೇಲೆ ಅನುಮಾನ ಪಡುವಂತೆಯೂ ಇಲ್ಲ. ಗೆಳೆಯ ಮತ್ತೆರಡು ಸಲ ಫೋನ್ ಮಾಡಿದ. ನಾನು ಎತ್ತಲಿಲ್ಲ.