ಸಾಕ್ಷಿ ಕುರ್ಚಿಯ ಮುನಿಯಕ್ಕ

ಶನಿವಾರ, ಬೆಳಗಿನ ಆರು ಗಂಟೆ. ಚಾಮರಾಜಪೇಟೆಯ ಸಭಾಂಗಣವೊಂದರಲ್ಲಿ ಮುನಿಯಕ್ಕ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ನಲವತ್ತು ಕುರ್ಚಿಗಳನ್ನು ಒರೆಸುತ್ತಿದ್ದಾರೆ. ಎದುರಿಗೆ ಮಧ್ಯಸ್ಥರ ಮೇಜು, ಅದರ ಎಡಬಲಕ್ಕೆ ಎರಡು ಪಕ್ಷದವರ ಮೇಜು. ನಡುವಿನ ಅಂತರವನ್ನು ಅವರು ಹೆಜ್ಜೆಯಲ್ಲೇ ಅಳೆಯುತ್ತಾರೆ. ಈ ಕಡೆ ಐದು, ಆ ಕಡೆ ಐದು. "ಒಬ್ರು ಹತ್ರ, ಒಬ್ರು ದೂರ ಕೂತ್ರೆ ಮಾತು ಶುರುವಾಗೋಕೆ ಮುಂಚೇನೇ ಮನಸ್ಸು ಕೆಡ್ತೈತೆ."

ಕೋರ್ಟಿನ ಹೊರಗೆ, ಮಧ್ಯಸ್ಥರ ಮುಂದೆ ವ್ಯಾಜ್ಯ ನಡೆಸುವುದನ್ನು ವಕೀಲರು ಕಲಿಯುವ ಶಿಬಿರವಿದು. ವರ್ಷಕ್ಕೆ ಹನ್ನೆರಡು ನಡೆಯುತ್ತವೆ. ಗುಡಿಸುವುದು, ಕಾಫಿ ಕೊಡುವುದು ಮುನಿಯಕ್ಕನ ಕೆಲಸ. ಮೊದಮೊದಲು ಅಭ್ಯಾಸಕ್ಕೆ ವಕೀಲರೇ ಸಾಕ್ಷಿಗಳಾಗುತ್ತಿದ್ದರು. ಕಾನೂನು ಬಲ್ಲವರು, ಯಾವ ಪ್ರಶ್ನೆಗೂ ಸಿಕ್ಕಿಬೀಳುತ್ತಿರಲಿಲ್ಲ. 1997ರಲ್ಲೊಂದು ದಿನ, ಪಾಠ ಹೇಳುವ ನಿವೃತ್ತ ನ್ಯಾಯಾಧೀಶ ಚಂದ್ರಶೇಖರಯ್ಯನವರು ಬೇಸತ್ತು, ಲೋಟ ಎತ್ತುತ್ತಿದ್ದ ಮುನಿಯಕ್ಕನನ್ನೇ ಕರೆದು ಸಾಕ್ಷಿ ಕುರ್ಚಿಯಲ್ಲಿ ಕೂರಿಸಿದರು. ಅದಕ್ಕೀಗ ಏಳು ವರ್ಷ.

ಅವರು ದೇವನಹಳ್ಳಿ ಕಡೆಯವರು. ಗಂಡ ತೀರಿಕೊಂಡ ಮೇಲೆ ಭಾಗದ ಕೇಸಿನಲ್ಲಿ ನಿಜವಾದ ಕಟಕಟೆಯನ್ನೇ ಹತ್ತಿದ್ದರು. "ಎದುರು ಕಡೆ ವಕೀಲ್ರು ಗದರಿಸಿದ್ರು. ಕೇಳಿದ್ದಕ್ಕೆಲ್ಲ ಹೌದು ಹೌದು ಅಂದ್ಬಿಟ್ಟೆ. ಜಮೀನು ಹೋಯ್ತು." ಮಗಳು ಗಗನಾಳನ್ನು ಕಂಕುಳಲ್ಲಿಟ್ಟುಕೊಂಡು ಅಕ್ಕಿಪೇಟೆಗೆ ಬಂದು, ಮಂಡಿಗಳಲ್ಲಿ ಅಕ್ಕಿ ಕೇರಿ ಅವಳನ್ನು ಓದಿಸಿದರು.

ಆದರೆ ಈ ಕುರ್ಚಿಯಲ್ಲಿ ಇಂದೇ ಅವರ ಕೊನೆಯ ದಿನ. ಶಿಬಿರದ ಉಸ್ತುವಾರಿ ಮನೋಹರ್ ನಿನ್ನೆಯೇ ಹೇಳಿದ್ದಾರೆ.

"ಬೇಜಾರು ಮಾಡ್ಕೋಬೇಡಿ ಅಕ್ಕ. ಮುಂದಿನ ತಿಂಗಳಿಂದ ನಾಟಕದೋರು ಬರ್ತಾರೆ. ಇಂಗ್ಲಿಷಲ್ಲೇ ಪಟಪಟ ಉತ್ತರ ಕೊಡ್ತಾರೆ."

"ಕಾಫಿ ಕೆಲ್ಸ ಇರ್ತೈತಲ್ಲ, ಬಿಡಿ" ಎಂದಿದ್ದ ಮುನಿಯಕ್ಕ ಬೆಳಗಿನಿಂದ ಆ ಒಂದು ಕುರ್ಚಿಯನ್ನು ಮೂರು ಸಲ ಒರೆಸಿದ್ದಾರೆ.

ಹತ್ತೂವರೆಗೆ ಪಾಟೀಸವಾಲು. ಇಂದಿನ ಕಥೆಯಲ್ಲಿ ಅವರು ವೈಯಾಲಿಕಾವಲ್‌ನಲ್ಲಿ ಮನೆ ಕಟ್ಟಿಸುತ್ತಿರುವ ಯಜಮಾನಿ. ಕೆಲಸ ಅರ್ಧಕ್ಕೆ ಬಿಟ್ಟನೆಂದು ಕಂಟ್ರಾಕ್ಟರನ ಮೇಲೆ ಅವರ ದೂರು. ಕಂಟ್ರಾಕ್ಟರನ ಪರವಾಗಿ ಎಳೆಯ ವಕೀಲ ಕಶ್ಯಪ್ ಎದ್ದು ದನಿ ಏರಿಸುತ್ತಾರೆ.

"ಸಿಮೆಂಟ್ ಬಂತು, ನೀವೇ ಇಳಿಸ್ಕೊಂಡ್ರಿ, ಆಮೇಲೆ ನೀವೇ ಕೆಲ್ಸ ನಿಲ್ಸಿದ್ರಿ. ಹೌದೋ, ಅಲ್ವೋ?"

ಮುನಿಯಕ್ಕ ಬಾಯಿ ಬಿಡುವುದಿಲ್ಲ. ಕಶ್ಯಪ್ ಗೆದ್ದವರಂತೆ ಸುತ್ತ ನೋಡುತ್ತಾರೆ.

"ಯಾಕೆ ತಾಯಿ, ಮಾತಿಲ್ಲ?" ಎನ್ನುತ್ತಾರೆ ಚಂದ್ರಶೇಖರಯ್ಯ.

"ಮೂರು ಕೇಳ್ಬಿಟ್ಟು ಒಂದೇ ಉತ್ರ ಕೊಡು ಅಂತಾರೆ ಸ್ವಾಮಿ. ಸಿಮೆಂಟ್ ಬಂದಿದ್ದು ಹೌದು. ಇಳಿಸ್ಕೊಂಡಿದ್ದು ನಾನಲ್ಲ. ಮೂರನೇದು, ಮೆಲ್ಲಗೆ ಕೇಳಿದ್ರೆ ಹೇಳ್ತೀನಿ."

ಸಭೆ ನಗುತ್ತದೆ. ಕಶ್ಯಪ್ ಕಿವಿ ಕೆಂಪಾಗುತ್ತದೆ. ಅವರು ಹತ್ತಿರ ಬಂದು ದನಿ ತಗ್ಗಿಸುತ್ತಾರೆ.

"ಕೆಲ್ಸ ನಿಂತ ದಿನ ಏನಾಯ್ತಮ್ಮ?"

"ಬಾಗ್ಲು ಇಟ್ಟಿದ್ದು ನಂಗೆ ಹಿಡಿಸ್ಲಿಲ್ಲ. ನಾಳೆಯಿಂದ ಬರ್ಬೇಡಿ ಅಂದೆ."

ಕಂಟ್ರಾಕ್ಟರನನ್ನು ಉಳಿಸುವ ಉತ್ತರ ಅದು. "ಬರ್ಕೊಳ್ಳಿ" ಎನ್ನುತ್ತಾರೆ ಚಂದ್ರಶೇಖರಯ್ಯ. "ನಾಳೆ ನಿಮ್ಮೆದುರು ಕೂರೋರು ಇಂಥೋರೇ, ನಾಟಕದೋರಲ್ಲ." ನಲವತ್ತು ಪೆನ್ನುಗಳು ಬಗ್ಗುತ್ತವೆ. ಹಿಂದೆ ನಿಂತ ಮನೋಹರ್ ಕೂಡ ತಲೆ ಬಗ್ಗಿಸುತ್ತಾರೆ.

ಊಟದ ಹೊತ್ತಿಗೆ ಅವರೇ ಬರುತ್ತಾರೆ. "ನಾಟಕದೋರಿಗೆ ಬೇಡ ಅಂತ ಫೋನ್ ಮಾಡ್ದೆ. ಮುಂದಿನ ತಿಂಗ್ಳೂ ನೀವೇ ಕೂತ್ಕೊಳಿ ಅಕ್ಕ."

ಮುನಿಯಕ್ಕ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. ತುಸು ಹೊತ್ತು ಒರೆಸುತ್ತಲೇ ಇರುತ್ತಾರೆ.

"ಕೂತ್ಕೋತೀನಿ. ಒಂದಾಸೆ ಐತೆ. ಏಳು ವರ್ಷದಲ್ಲಿ ಒಂಬತ್ತು ಮನೆ ಕಟ್ಟಿಸಿದೀನಿ ಇಲ್ಲಿ, ಒಂದೂ ಮುಗೀಲಿಲ್ಲ. ತಕರಾರಿಲ್ದೆ ಮುಗಿಯೋ ಮನೆ ಒಂದು ಕೊಡಿ."

"ತಕರಾರಿಲ್ದಿದ್ರೆ ಸಾಕ್ಷಿ ಯಾಕೆ ಬೇಕು, ಅಕ್ಕ?"

"ಸಾಕ್ಷಿ ಬೇಕು ಅಂದೋರ್ಯಾರು? ಗೃಹಪ್ರವೇಶಕ್ಕೆ ಬನ್ನಿ, ಒಬ್ಬಟ್ಟಿನೂಟ ಹಾಕಿಸ್ತೀನಿ."