ಕೊನೆಯ ಸಾಲಿನ ಬಿಸಿಲು

ಜಾಗ ಸಾಲದಿದ್ದರೆ ಸುದ್ದಿಯನ್ನು ಬಾಲದಿಂದ ಕತ್ತರಿಸಬೇಕು ಎಂಬುದು ನಮ್ಮ ವೃತ್ತಿಯ ಮೊದಲ ಪಾಠ. ಮುಖ್ಯವಾದದ್ದು ಮೇಲೆ, ಬಿಟ್ಟರೂ ನಡೆಯುವಂಥದ್ದು ಕೆಳಗೆ. ಮೂಡಿಗೆರೆಯ ವರದಿಗಾರನಾಗಿ ಈ ಪಾಠವನ್ನು ನಾನು ಎಷ್ಟು ನಿಷ್ಠೆಯಿಂದ ಪಾಲಿಸಿದೆನೆಂದರೆ, ಒಮ್ಮೆ ಸೂರ್ಯನನ್ನೇ ಕೊನೆಯ ಸಾಲಿನಲ್ಲಿ ಕೂರಿಸಿದೆ.

ಊರೂರಲ್ಲಿ ಹೋಂಸ್ಟೇ ಬೋರ್ಡು ಏಳುತ್ತಿದ್ದ ಕಾಲ. ಚಿಕ್ಕಮಗಳೂರಿನ ಕಾಲೇಜೊಂದಕ್ಕೆ ಬಂದಿದ್ದ ವಿಜ್ಞಾನಿಯೊಬ್ಬರು ಟೈಟಾನಿಯಾ ಎಂಬ ಬಿಳಿ ಪುಡಿಯ ಬಗ್ಗೆ ಮಾತಾಡಿದರು. ಪೇಂಟಿಗೆ ಬಿಳುಪು ಕೊಡುವ ಪುಡಿಯೇ. ಟೈಲ್ಸಿಗೆ ಲೇಪಿಸಿದರೆ ಕೊಳೆಯನ್ನು ಒಡೆಯುತ್ತದೆ, ರೋಗಾಣುಗಳನ್ನು ಕೊಲ್ಲುತ್ತದೆ, ಮಿಕ್ಕದ್ದನ್ನು ಮಳೆ ತೊಳೆಯುತ್ತದೆ. ಮೊದಲೆಲ್ಲ ಟೈಲ್ಸ್ ಸುಡುವ ಗೂಡಿನ ಕಾವಿಗೆ ಪುಡಿಯ ಒಳರಚನೆ ಬದಲಾಗಿ ಈ ಗುಣ ಕುಗ್ಗುತ್ತಿತ್ತಂತೆ. ಈಗ ಕಾವಿಗೂ ಜಗ್ಗದ ಪುಡಿ ಬಂದಿದೆ, ಅಂಥ ಟೈಲ್ಸ್ ಬೆಂಗಳೂರಿನಲ್ಲಿ ಸಿಗುತ್ತದೆ ಎಂದರು. ಇಷ್ಟನ್ನೂ ಬರೆದು, ಕೊನೆಗೆ 'ಇದು ಕೆಲಸ ಮಾಡಲು ಬಿಸಿಲು ಬೇಕು' ಎಂದು ಸೇರಿಸಿದೆ. 'ತಾನೇ ತೊಳೆದುಕೊಳ್ಳುವ ಗೋಡೆ' ಎಂಬ ಶೀರ್ಷಿಕೆಯಡಿ ಎಲ್ಲವೂ ಅಚ್ಚಾಯಿತು, ಬಿಸಿಲೊಂದನ್ನು ಬಿಟ್ಟು. ಅದರ ಜಾಗದಲ್ಲಿ ಛತ್ರಿಯ ಜಾಹೀರಾತಿತ್ತು.

ಜಾವಳಿಯ ತಮ್ಮ ಕಾಫಿ ಎಸ್ಟೇಟಿನಲ್ಲಿ ಹೋಂಸ್ಟೇ ಕಟ್ಟಿಸುತ್ತಿದ್ದ ನನ್ನ ಭಾವ ಅದನ್ನೋದಿ ಮುಂದಿನ ಗೋಡೆಗೆಲ್ಲ ಅದೇ ಟೈಲ್ಸ್ ಹಾಕಿಸಿದರು. ಉತ್ತರದ ಗೋಡೆ, ಎದುರಿಗೇ ಹಲಸಿನ ಮರ. ವರ್ಷಾವರ್ಷ ಹಳೆಯ ಮನೆಯ ಗೋಡೆಯ ಪಾಚಿ ತಿಕ್ಕಿ ಸೋತಿದ್ದ ಅಕ್ಕ ನಂಬಲಿಲ್ಲ.

"ಇದನ್ನ ತಿಕ್ಕೋ ಹಾಗಾದ್ರೆ ನಾನೇ ತಿಕ್ತೀನಿ ಕಣೇ" ಎಂದು ಭಾವ ಮೇಸ್ತ್ರಿಯ ಎದುರೇ ಮಾತು ಕೊಟ್ಟರು. ಮೇಸ್ತ್ರಿಯ ಎದುರು ಆಡಿದ ಮಾತು ಮಧ್ಯಾಹ್ನದೊಳಗೆ ಇಡೀ ಎಸ್ಟೇಟಿಗೆ ತಲುಪಿರುತ್ತದೆ.

ಜೂನ್ ಕಳೆದ ಮೇಲೆ ನಮ್ಮಲ್ಲಿ ಬಿಸಿಲು ಬಿದ್ದರೆ ಅದೇ ಸುದ್ದಿ. ಗೋಡೆ ಮೊದಲು ಮಂಕಾಯಿತು, ಆಮೇಲೆ ಹಸಿರಾಯಿತು. ಭಾವ ಫೋನು ಮಾಡಿದರು.

"ಮಾರಾಯ, ನಿನ್ನ ಗೋಡೆ ಇನ್ನೂ ಸ್ನಾನಕ್ಕೆ ಎದ್ದಿಲ್ಲ."

ಗೋಡೆ ನನ್ನದಾದದ್ದು ಆ ದಿನವೇ.

"ಭಾವ, ಅದಕ್ಕೆ ಬಿಸಿಲು ಬೇಕು."

ಭಾವ ಮಳೆಯ ಸದ್ದನ್ನೂ ಮೀರಿಸಿ ದನಿ ಏರಿಸಿದರು. "ಬಿಸಿಲಿದ್ದಿದ್ರೆ ನಮ್ಮ ಹಳೇ ಗೋಡೆಗೂ ಪಾಚಿ ಹಿಡೀತಿರ್ಲಿಲ್ವಲ್ಲೋ."

ಈ ಪ್ರಶ್ನೆಯನ್ನು ವಿಜ್ಞಾನಿಗೆ ಯಾರೂ ಕೇಳಿರಲಿಲ್ಲ.

ಮೊದಲ ಅತಿಥಿಗಳು ಬರುವ ದಿನ ಬೆಳಿಗ್ಗೆಯೇ ಭಾವ ನನ್ನನ್ನು ಕರೆಸಿದರು. ಪತ್ರಿಕೆಯಲ್ಲಿ ತಿದ್ದುಪಡಿ ಹಾಕಬೇಕಂತೆ. ಮುಖ ಟೈಲ್ಸಿನ ಗೂಡಿನಂತೆ ಕಾದಿತ್ತು.

"ಆ ಕಾವು ತಡೆಯೋ ಪುಡಿ ಇದ್ಯಲ್ಲ, ಇವ್ರ ಕಾಫಿಗೆ ಒಂದು ಚಮಚ ಹಾಕ್ಬಹುದಾ ಕೇಳು" ಎಂದು ಅಕ್ಕ ಬಕೆಟ್ಟನ್ನೂ ತೆಂಗಿನ ನಾರನ್ನೂ ಗಂಡನ ಮುಂದಿಟ್ಟಳು. ಮೇಸ್ತ್ರಿ, ಯಾರೂ ಹೇಳದಿದ್ದರೂ, ಏಣಿ ತಂದು ನಿಲ್ಲಿಸಿದ. ಕೊಟ್ಟ ಮಾತು. ಭಾವ ಪಂಚೆ ಎತ್ತಿ ಕಟ್ಟಿ ಹತ್ತಿದರು. ಏಣಿ ಹಿಡಿಯುವುದು ನನ್ನ ಪಾಲಿಗೆ ಬಂತು.

ಅರ್ಧ ಗೋಡೆ ಬೆಳ್ಳಗಾಗುವಷ್ಟರಲ್ಲಿ ಅತಿಥಿಗಳ ಜೀಪು ಬಂತು. ಇಳಿದವರೊಬ್ಬರು ಗೋಡೆ ನೋಡಿ, "ಚೆನ್ನಾಗಿದೆ. ಇದು ಯಾವ ಟೈಲ್ಸು?" ಎಂದರು.

"ಸೆಲ್ಫ್ ಕ್ಲೀನಿಂಗು" ಎಂದಳು ಅಕ್ಕ. "ನೋಡಿ, ಸೆಲ್ಫೇ ಕ್ಲೀನ್ ಮಾಡ್ತಿದ್ದಾರೆ."

ಏಣಿ ಸ್ವಲ್ಪ ಅಲುಗಿತು. ನಾನು ನಕ್ಕಿದ್ದಕ್ಕೋ ಭಾವ ನಕ್ಕಿದ್ದಕ್ಕೋ ತಿಳಿಯಲಿಲ್ಲ. ತಿದ್ದುಪಡಿ ಅಲ್ಲೇ ಹೊಳೆಯಿತು: 'ತಾನೇ ತೊಳೆದುಕೊಳ್ಳುವ ಗೋಡೆ' ಎಂಬುದನ್ನು 'ತಾನೇ ತೊಳೆಯಬೇಕಾದ ಗೋಡೆ' ಎಂದು ಓದಿಕೊಳ್ಳಬೇಕಾಗಿ ವಿನಂತಿ. ಒಂದೇ ಸಾಲು. ಕತ್ತರಿಸಲು ಬಾಲವೇ ಇಲ್ಲ.